ಪಾತ್ರದ ಹಿಂದಿನ ಮನುಷ್ಯ

(ನಮ್ಮ ದೇವಾಲಯದ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಸಾಹಿತ್ಯ ಸಂಜೆಯಲ್ಲಿ ಮಾಡಿದ ಭಾಷಣ)



ನೂರು ವರ್ಷ ತುಂಬಿದ ಈ ದೇವಾಲಯದ ಅಂಗಳದಲ್ಲಿ ನಿಂತು ನಾಲ್ಕು ಮಾತನಾಡುವ ಅವಕಾಶವನ್ನು ಉತ್ಸವ ಸಮಿತಿಯವರು ನನಗೆ ಒದಗಿಸಿದ್ದಾರೆ. ಈ ದೇವಾಲಯದ ಇತಿಹಾಸವನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲಿದ್ದಾರೆ. ದೇವಶಾಸ್ತ್ರದ ವಿಷಯವನ್ನು ಎತ್ತುವ ಅಧಿಕಾರವಂತೂ ನನಗಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಶಾಲೆಯಲ್ಲಿ ಪಾಠ ಹೇಳಿಕೊಂಡು ಬಂದವನು ನಾನು. ಆದುದರಿಂದ ಒಬ್ಬ ವಿದ್ಯಾರ್ಥಿ ನನಗೆ ಹಾಕಿದ ಪ್ರಶ್ನೆಯನ್ನೇ ಇಂದಿನ ವಿಷಯವನ್ನಾಗಿ ಎತ್ತಿಕೊಂಡಿದ್ದೇನೆ.

ನಮ್ಮಲ್ಲಿ ಅನೇಕರು ಶಾಲೆಯ ಇಂಗ್ಲಿಷ್ ಪಾಠದಲ್ಲಿ ‘ದಿ ಬಿಷಪ್ಸ್ ಕ್ಯಾಂಡಲ್‌ಸ್ಟಿಕ್ಸ್’ ಎಂಬ ಪುಟ್ಟ ನಾಟಕವನ್ನು ಓದಿದ್ದೇವೆ. ಸೆರೆಮನೆಯಿಂದ ಹೊರಬಿದ್ದ ಹಸಿದ ಮನುಷ್ಯನೊಬ್ಬನು ಒಬ್ಬ ಬಿಷಪ್ಪರ ಮನೆಗೆ ಬರುತ್ತಾನೆ. ಅವರು ಅವನಿಗೆ ಊಟವಿಕ್ಕುತ್ತಾರೆ. ಅವನು ಅವರ ಮನೆಯ ಬೆಳ್ಳಿಯನ್ನೇ ಕದ್ದು ಓಡುತ್ತಾನೆ. ಪೊಲೀಸರು ಹಿಡಿದು ತಂದಾಗ ಬಿಷಪ್ಪರು, ಅದನ್ನು ತಾವೇ ಕೊಟ್ಟದ್ದೆಂದು ಹೇಳಿ ಅವನನ್ನು ಬಿಡಿಸುತ್ತಾರೆ. ಈ ಪಾಠವನ್ನು ನಾನು ಮುಗಿಸಿದ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಈ ಬಿಷಪ್ಪರು ನಿಜವಾಗಿ ಇದ್ದರೇ?” ಎಂದು ಕೇಳಿದ. “ಇದು ಕತೆಯಪ್ಪಾ, ಕುಳಿತುಕೋ” ಎಂದುಬಿಟ್ಟೆ. ಹುಡುಗ ಕುಳಿತ. ಆದರೆ ಅವನ ಮುಖ ಸಣ್ಣದಾದುದನ್ನು ನಾನು ನೋಡಿದೆ. ಅಂಥ ಒಬ್ಬ ಮನುಷ್ಯ ಈ ಭೂಮಿಯ ಮೇಲೆ ನಡೆದಾಡಿದ್ದನೆಂದು ನಂಬಲು ಅವನು ಸಿದ್ಧನಾಗಿದ್ದ. ನಾನು ಅದಕ್ಕೆ ಅಡ್ಡಬಂದೆ. ಅದಕ್ಕಿಂತ ದೊಡ್ಡ ತಪ್ಪೆಂದರೆ, ನಾನು ಕೊಟ್ಟ ಉತ್ತರವೇ ಸರಿಯಾಗಿರಲಿಲ್ಲ.

ಆ ನಾಟಕದ ಮೂಲ ಫ್ರಾನ್ಸಿನ ವಿಕ್ಟರ್ ಹ್ಯೂಗೋ ಅವರು 1862ರಲ್ಲಿ ಪ್ರಕಟಿಸಿದ ‘ಲೆ ಮಿಸರಾಬ್ಲ್’ ಎಂಬ ಮಹಾಕಾದಂಬರಿ. ಅದರ ಮೊದಲ ಪುಟಗಳಲ್ಲೇ ದೀನ್ಯ್ ಎಂಬ ಗುಡ್ಡಗಾಡಿನ ಊರಿನ ಬಿಷಪ್ ಮಿರಿಯೆಲ್ ನಮಗೆ ಎದುರಾಗುತ್ತಾರೆ. ತಮ್ಮ ಅರಮನೆಯಂಥ ನಿವಾಸವನ್ನು ರೋಗಿಗಳಿಗೆ ಬಿಟ್ಟುಕೊಟ್ಟು, ತಾವು ಪಕ್ಕದ ಸಣ್ಣ ಆಸ್ಪತ್ರೆಯ ಕಟ್ಟಡದಲ್ಲಿ ವಾಸಿಸುವ ವೃದ್ಧರು ಅವರು. ಅವರ ಬಾಗಿಲಿಗೆ ಅಗಳಿಯಿಲ್ಲ. ಹತ್ತೊಂಬತ್ತು ವರ್ಷ ಸೆರೆಯಲ್ಲಿ ಕಳೆದ ಜಾಂ ವಾಲ್‌ಜಾಂ ತಟ್ಟುವುದು ಆ ಬಾಗಿಲನ್ನೇ.

ಈ ದೀನ್ಯ್ ನಿಜವಾದ ಊರು. 1805ರಿಂದ 1838ರವರೆಗೆ ಆ ಊರಿನ ನಿಜವಾದ ಬಿಷಪ್ಪರು ಬಿಯಾಂವೆನೂ ದ ಮಿಯೋಲಿಸ್ ಎಂಬವರು. ಅವರು 1753ರಲ್ಲಿ ಹುಟ್ಟಿ 1843ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ ದೈವಾಧೀನರಾದರು. ಅವರ ಸರಳತೆಯೂ ದಾನಶೀಲತೆಯೂ ಆ ಪ್ರಾಂತದಲ್ಲಿ ಮನೆಮಾತಾಗಿದ್ದವು. 1806ರಲ್ಲಿ ಪಿಯೆರ್ ಮೋರಾಂ ಎಂಬ ಬಿಡುಗಡೆಯಾದ ಸೆರೆಯಾಳು ಆ ಊರಿಗೆ ಬಂದನೆಂದೂ, ಅವನ ಕೈಲಿದ್ದ ಗುರುತಿನ ಕಾಗದವನ್ನು ಕಂಡು ಛತ್ರದವರು ಒಳಗೆ ಸೇರಿಸಲಿಲ್ಲವೆಂದೂ, ಬಿಷಪ್ಪರು ಮಾತ್ರ ಅವನಿಗೆ ಆಶ್ರಯ ಕೊಟ್ಟರೆಂದೂ ಅಲ್ಲಿ ಹೇಳಿಕೊಂಡು ಬಂದ ವೃತ್ತಾಂತವೊಂದಿದೆ. ಅಂಗೈಯಗಲದ ಆ ವೃತ್ತಾಂತವನ್ನು ಹ್ಯೂಗೋ ಸಾವಿರಾರು ಪುಟಗಳ ಗ್ರಂಥದ ತಳಪಾಯವಾಗಿ ಇರಿಸಿಕೊಂಡರು. ಬಿಷಪ್ಪರ ಮನೆತನದ ಹೆಸರನ್ನು ಅವರು ಬದಲಾಯಿಸಿದರು. ಆದರೆ ಒಂದು ಹೆಸರನ್ನು ಬಿಟ್ಟುಕೊಡಲು ಅವರಿಗೆ ಮನಸ್ಸಾಗಲಿಲ್ಲ. ಕಾದಂಬರಿಯಲ್ಲಿ ಬಡವರು ತಮ್ಮ ಬಿಷಪ್ಪರನ್ನು ಪ್ರೀತಿಯಿಂದ ಕರೆಯುವುದು ‘ಬಿಯಾಂವೆನೂ’ ಎಂದೇ. ಆ ಫ್ರೆಂಚ್ ಮಾತಿಗೆ ‘ಸ್ವಾಗತ’ ಎಂಬ ಅರ್ಥವಿದೆ. ಅಗಳಿಯಿಲ್ಲದ ಬಾಗಿಲಿನ ಮನೆಯವರಿಗೆ ಜ್ಞಾನಸ್ನಾನದ ದಿನವೇ ಇಟ್ಟಿದ್ದ ಹೆಸರು ಅದು. ಅದನ್ನು ಹ್ಯೂಗೋ ಕಲ್ಪಿಸಬೇಕಾಗಿರಲಿಲ್ಲ.

ಹ್ಯೂಗೋ ಅವರು ಧರ್ಮಸಭೆಯ ಮಿತ್ರರೇನೂ ಆಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಈ ಕಾದಂಬರಿಯೇ 1864ರಲ್ಲಿ ರೋಮಿನ ನಿಷಿದ್ಧ ಗ್ರಂಥಗಳ ಪಟ್ಟಿಗೆ ಸೇರಿ, 1959ರವರೆಗೂ ಅಲ್ಲೇ ಇತ್ತು. ಇಷ್ಟು ಒಳ್ಳೆಯ ಪಾತ್ರವನ್ನು ಪಾದ್ರಿಗೇಕೆ ಕೊಡಬೇಕು, ವೈದ್ಯನಂಥ ಆಧುನಿಕ ವೃತ್ತಿಯವನಿಗೆ ಕೊಡಬಾರದೇ ಎಂದು ಅವರ ಮಗನೇ ಆಕ್ಷೇಪಿಸಿದ್ದುಂಟು. ತಂದೆ ಒಪ್ಪಲಿಲ್ಲ. ನಿಜವಾದ ಗುರುವೊಬ್ಬನ ಚಿತ್ರವನ್ನು ಲೋಕದ ಮುಂದಿಟ್ಟರೆ, ಹಾಗಿಲ್ಲದ ಗುರುಗಳಿಗೆ ಅದಕ್ಕಿಂತ ಕಟುವಾದ ಟೀಕೆ ಬೇರೆ ಬೇಕಾಗಿಲ್ಲವೆಂಬುದು ಅವರ ಎಣಿಕೆಯಾಗಿತ್ತು. ಉದ್ದೇಶ ಏನೇ ಇರಲಿ, ಧರ್ಮಸಭೆಯೊಡನೆ ಜಗಳವಾಡಿದ ಆ ಸಾಹಿತಿಯ ಕೈಯಿಂದಲೇ ಒಬ್ಬ ಬಡಜನರ ಬಿಷಪ್ಪರು ಲೋಕದ ಮಕ್ಕಳಿಗೆಲ್ಲ ಪರಿಚಿತರಾದರು. ದೇವರ ಕೆಲಸಕ್ಕೆ ಯಾವ ಲೇಖನಿಯೂ ಒದಗೀತು!

ಆದರೆ ಈ ಕತೆಗೆ ಇನ್ನೊಂದು ಮಗ್ಗುಲಿದೆ. ಕಾದಂಬರಿಯಲ್ಲಿ ಒಂದು ಪ್ರಸಂಗ ಬರುತ್ತದೆ. ಫ್ರಾನ್ಸಿನ ಮಹಾಕ್ರಾಂತಿಯಲ್ಲಿ ಭಾಗಿಯಾಗಿದ್ದ ಒಬ್ಬ ವೃದ್ಧನು ಸಾಯುತ್ತಿರುವಾಗ ಬಿಷಪ್ಪರು ಅವನಲ್ಲಿಗೆ ಹೋಗುತ್ತಾರೆ. ಆಶೀರ್ವಾದ ಕೊಡಲು ಹೋದವರು ಕೊನೆಗೆ ತಾವೇ ಅವನ ಮುಂದೆ ಮಂಡಿಯೂರಿ ಆಶೀರ್ವಾದ ಬೇಡುತ್ತಾರೆ. ಪುಸ್ತಕ ಹೊರಬಂದ ವರ್ಷವೇ ಮಿಯೋಲಿಸ್ ಅವರ ಬಂಧುವೊಬ್ಬರು ಪತ್ರಿಕೆಯಲ್ಲಿ ಪ್ರತಿಭಟಿಸಿದರು. ತಮ್ಮ ಹಿರಿಯರು ಹಾಗೆ ನಡೆದುಕೊಂಡವರಲ್ಲ ಎಂಬುದು ಅವರ ದೂರು. ಸಾಹಿತ್ಯವಿಮರ್ಶಕನಿಗೆ ಅದು ಸಣ್ಣ ಮಾತಾಗಿ ಕಂಡೀತು. ಪಾತ್ರದ ಹೆಸರು ಮಿರಿಯೆಲ್, ಮಿಯೋಲಿಸ್ ಅಲ್ಲವಲ್ಲ ಎಂದು ಆತ ವಾದಿಸಿಯಾನು. ಆದರೆ ಗೋರಿಯಲ್ಲಿ ಮಲಗಿದವರ ಪರವಾಗಿ ಮಾತನಾಡಲು ಅವರ ಮನೆಯವರಲ್ಲದೆ ಇನ್ನು ಯಾರಿದ್ದಾರೆ? ಕಾದಂಬರಿಕಾರನು ಒಬ್ಬ ಮನುಷ್ಯನಿಂದ ಒಂದು ಸತ್ಕಾರ್ಯವನ್ನು ಪಡೆದು, ಆತ ಮಾಡದ ಹತ್ತು ಕಾರ್ಯಗಳನ್ನು ಅದಕ್ಕೆ ಸೇರಿಸುತ್ತಾನೆ. ಓದುಗನಿಗೆ ಯಾವುದು ಯಾರದೆಂದು ತಿಳಿಯುವುದಿಲ್ಲ. ಇದು ಒಂದು ಬಗೆಯ ಸಾಲ. ಈ ಸಾಲವನ್ನು ತೀರಿಸುವ ಬಗೆ ಹೇಗೆ ಎಂಬುದೇ ಇಂದಿನ ನನ್ನ ಪ್ರಶ್ನೆ.

ಈಗ ಅಮೆರಿಕದ ಕಡೆಗೆ ತಿರುಗೋಣ. ವಿಲ್ಲಾ ಕ್ಯಾಥರ್ ಎಂಬ ಲೇಖಕಿ 1927ರಲ್ಲಿ ‘ಡೆತ್ ಕಮ್ಸ್ ಫಾರ್ ದಿ ಆರ್ಚ್‌ಬಿಷಪ್’ ಎಂಬ ಕಾದಂಬರಿಯನ್ನು ಬರೆದರು. ಅವರು ಕಥೋಲಿಕರಲ್ಲ. ಆದರೂ ಮಿಷನರಿ ಗುರುಗಳ ಬಾಳನ್ನು ಇಷ್ಟು ಗೌರವದಿಂದ ಚಿತ್ರಿಸಿದ ಕಾದಂಬರಿಗಳು ಅಪರೂಪ. ಅದರ ನಾಯಕರು ಬಿಷಪ್ ಲಾತೂರ್, ಅವರ ಬಾಲ್ಯಮಿತ್ರರು ಫಾದರ್ ವಾಯಾಂ. ಈ ಇಬ್ಬರ ಹಿಂದೆಯೂ ನಿಜವಾದ ಇಬ್ಬರು ಫ್ರೆಂಚ್ ಗುರುಗಳಿದ್ದಾರೆ. ಒಬ್ಬರು 1814ರಲ್ಲಿ ಹುಟ್ಟಿದ ಜಾಂ ಬಾತಿಸ್ತ್ ಲಾಮಿ. ಇನ್ನೊಬ್ಬರು 1812ರಲ್ಲಿ ಹುಟ್ಟಿದ ಜೋಸೆಫ್ ಮಾಶ್‌ಬಫ್. ಇಬ್ಬರೂ 1839ರಲ್ಲಿ ತಾಯ್ನಾಡನ್ನು ಬಿಟ್ಟು ಅಮೆರಿಕಕ್ಕೆ ಹೋದರು. ಅಂಥ ವಿದೇಶೀ ಗುರುಗಳನ್ನು ಕಂಡ ನಾಡಿನವರಾದ ನಮಗೆ ಆ ಪ್ರಯಾಣದ ಅರ್ಥವನ್ನು ವಿವರಿಸಿ ಹೇಳಬೇಕಾಗಿಲ್ಲ. ಹೋದವರು ಹಿಂದಿರುಗುವ ಭರವಸೆಯಿಟ್ಟುಕೊಂಡು ಹೋಗುತ್ತಿರಲಿಲ್ಲ.

ಲಾಮಿಯವರು 1851ರಲ್ಲಿ ನ್ಯೂ ಮೆಕ್ಸಿಕೋದ ಸಾಂತಾ ಫೇ ಊರನ್ನು ತಲುಪಿದರು. ಅಲ್ಲಿನ ಗುರುಗಳು, ತಮ್ಮ ಬಿಷಪ್ಪರು ಮೆಕ್ಸಿಕೋದ ದುರಾಂಗೊದಲ್ಲಿದ್ದಾರೆಂದು ಹೇಳಿ ಅವರನ್ನು ಒಪ್ಪಿಕೊಳ್ಳಲಿಲ್ಲ. ಲಾಮಿಯವರು ಜಗಳಕ್ಕೆ ನಿಲ್ಲದೆ ಕುದುರೆಯನ್ನೇರಿ, ಮರುಭೂಮಿಯನ್ನು ದಾಟಿ ನೂರಾರು ಮೈಲಿ ದೂರದ ದುರಾಂಗೊಗೆ ಹೋಗಿ ಆ ಬಿಷಪ್ಪರನ್ನೇ ಕಂಡು ಬಂದರು. ಬಳಿಕ ಶಾಲೆ ನಡೆಸಲು ಸೋದರಿಯರನ್ನು ಕರೆಸಿದರು, ದೊಡ್ಡ ದೇವಾಲಯವನ್ನು ಕಟ್ಟಿಸತೊಡಗಿದರು, 1875ರಲ್ಲಿ ಮಹಾಧರ್ಮಾಧ್ಯಕ್ಷರಾದರು, 1888ರಲ್ಲಿ ತೀರಿಕೊಂಡರು. ಆ ದೇವಾಲಯದ ಮುಂದೆ ನಿಂತ ಅವರ ಕಂಚಿನ ಪ್ರತಿಮೆಯು ಕ್ಯಾಥರ್ ಅವರ ಕುತೂಹಲವನ್ನು ಕೆರಳಿಸಿತು. ಆದರೆ ಅವರ ಕೈಗೆ ನಿಜವಾದ ಸಾಮಗ್ರಿ ದೊರೆತದ್ದು ಒಂದು ಸಾಮಾನ್ಯ ಪುಸ್ತಕದಿಂದ. ವಿಲಿಯಂ ಹೌಲೆಟ್ ಎಂಬ ಗುರುಗಳು ಮಾಶ್‌ಬಫ್ ಅವರ ಜೀವನಚರಿತ್ರೆಯನ್ನು ಬರೆದು, 1908ರಲ್ಲಿ ಕೊಲರಾಡೋದ ಒಂದು ಊರಿನಲ್ಲಿ ಅಚ್ಚು ಹಾಕಿಸಿದ್ದರು. ಮಾಶ್‌ಬಫ್ ಅವರು ಕನ್ಯಾಸ್ತ್ರೀಯಾಗಿದ್ದ ತಮ್ಮ ತಂಗಿಗೆ ಬರೆದ ಪತ್ರಗಳು ಅದಕ್ಕೆ ಆಧಾರ. ಲೋಕಪ್ರಸಿದ್ಧ ಕಾದಂಬರಿಯೊಂದು ಹುಟ್ಟಿದ್ದು ಇಂಥ ಸಣ್ಣ ಪುಸ್ತಕದ ಹೊಟ್ಟೆಯಲ್ಲಿ ಎಂಬುದನ್ನು, ಸ್ಮರಣ ಸಂಚಿಕೆಗೆ ಲೇಖನ ಬರೆದು ಕೊಡಲು ಹಿಂಜರಿಯುವ ನಮ್ಮ ಹಿರಿಯರು ದಯವಿಟ್ಟು ಗಮನಿಸಬೇಕು.

ಕಾದಂಬರಿಯಲ್ಲಿ ಫಾದರ್ ವಾಯಾಂ ಮೊದಲು ತೀರಿಕೊಳ್ಳುತ್ತಾರೆ. ವೃದ್ಧ ಲಾತೂರ್ ಗೆಳೆಯನ ಅಂತ್ಯಕ್ರಿಯೆಗೆ ಹೋಗಿಬಂದು, ಒಂಟಿಯಾಗಿ ತಮ್ಮ ಸಾವಿಗಾಗಿ ಕಾಯುತ್ತಾರೆ. ನಿಜಜೀವನದಲ್ಲಿ ನಡೆದದ್ದು ಇದರ ತಿರುವುಮುರುವು. ಮೊದಲು ಹೋದವರು ಲಾಮಿ. ಡೆನ್ವರಿನ ಬಿಷಪ್ಪರಾಗಿದ್ದ ಮಾಶ್‌ಬಫ್ ಮರುವರ್ಷ, 1889ರಲ್ಲಿ ಅವರನ್ನು ಹಿಂಬಾಲಿಸಿದರು. ಲೇಖಕಿ ಇದನ್ನು ಏಕೆ ಬದಲಾಯಿಸಿದರು? ನಾಯಕನು ಕೊನೆಯಲ್ಲಿ ಒಬ್ಬನೇ ಉಳಿದು ತನ್ನ ಬಾಳನ್ನೆಲ್ಲ ತಿರುಗಿ ನೋಡಬೇಕಾಗಿತ್ತು. ಕತೆಯ ನ್ಯಾಯ ಅದನ್ನು ಬೇಡಿತು. ಇದರಿಂದ ಯಾರ ಮಾನವೂ ಕುಂದಲಿಲ್ಲ. ಇಬ್ಬರ ಸ್ನೇಹದ ಸತ್ಯವು ಇನ್ನಷ್ಟು ಬೆಳಗಿತು. ಇಂಥ ಬದಲಾವಣೆಯನ್ನು ಸುಳ್ಳು ಎನ್ನಲಾಗದು.

ಆದರೆ ಇದೇ ಕಾದಂಬರಿಯಲ್ಲಿ ಇನ್ನೊಬ್ಬ ಗುರುವಿದ್ದಾನೆ. ಟಾವೋಸ್ ಎಂಬ ಊರಿನ ಪಾದ್ರಿ ಮಾರ್ತಿನೆಜ್. ಕಾದಂಬರಿಯ ಮಾರ್ತಿನೆಜ್ ಕಾಮುಕ, ದಬ್ಬಾಳಿಕೆಯವನು. 1847ರಲ್ಲಿ ಅಲ್ಲಿ ನಡೆದ ದಂಗೆಗೆ ಮೂಲನಿವಾಸಿಗಳನ್ನು ಎತ್ತಿಕಟ್ಟಿ, ಕೊನೆಗೆ ಅವರ ಭೂಮಿಯನ್ನೂ ನುಂಗಿದವನು. ಈಗ ಒಂದು ವಿಷಯವನ್ನು ಗಮನಿಸಿ. ಹೊಗಳಿಸಿಕೊಂಡ ಲಾಮಿ, ಮಾಶ್‌ಬಫ್ ಅವರಿಗೆ ಲೇಖಕಿ ಬೇರೆ ಹೆಸರುಗಳನ್ನು ಕೊಟ್ಟರು. ದೂಷಿಸಲ್ಪಟ್ಟ ಮಾರ್ತಿನೆಜ್ ಅವರಿಗೆ ಅವರ ನಿಜವಾದ ಹೆಸರನ್ನೇ ಉಳಿಸಿದರು!

ಆ ನಿಜವಾದ ಅಂತೋನಿಯೊ ಹೊಸೆ ಮಾರ್ತಿನೆಜ್ 1793ರಿಂದ 1867ರವರೆಗೆ ಬಾಳಿದವರು. ಅವರು ದೋಷರಹಿತರಾಗಿದ್ದರೆಂದು ಯಾರೂ ಹೇಳುವುದಿಲ್ಲ. ಲಾಮಿಯವರೊಡನೆ ಅವರಿಗೆ ತೀವ್ರವಾದ ವಿರಸ ಉಂಟಾಯಿತು. ವಿಶ್ವಾಸಿಗಳಿಂದ ದಶಮಾಂಶ ಪಡೆಯುವ ಬಗೆಯನ್ನು ಅವರು ಬಹಿರಂಗವಾಗಿ ವಿರೋಧಿಸಿದರು. ಕೊನೆಗೆ ಬಹಿಷ್ಕಾರಕ್ಕೂ ಒಳಗಾದರು. ಆದರೆ ಅದೇ ಮನುಷ್ಯರು ಟಾವೋಸಿನಲ್ಲಿ ಶಾಲೆ ತೆರೆದಿದ್ದರು. ನಾಡಿನ ಮೊದಲ ಮುದ್ರಣಯಂತ್ರವನ್ನು 1830ರ ದಶಕದಲ್ಲಿ ತಮ್ಮ ಊರಿಗೆ ತಂದು ಮಕ್ಕಳಿಗೆ ಪುಸ್ತಕಗಳನ್ನು ಅಚ್ಚು ಹಾಕಿಸಿದ್ದರು. ಶಾಸನಸಭೆಯಲ್ಲಿ ಕುಳಿತು ತಮ್ಮ ಜನರ ಪರವಾಗಿ ಮಾತನಾಡಿದ್ದರು. ದಂಗೆಯ ಆರೋಪಕ್ಕೆ ಇತಿಹಾಸಕಾರರು ತಕ್ಕ ಆಧಾರ ಕಂಡಿಲ್ಲ. ಆದರೆ ಕಾದಂಬರಿಯನ್ನು ಓದಿದವರು ಲಕ್ಷಾಂತರ, ಇತಿಹಾಸವನ್ನು ಓದಿದವರು ಬೆರಳೆಣಿಕೆ. ಅದೇ ನಾಡಿನವರೂ ಕವಿಯೂ ಆಗಿದ್ದ ಆಂಜೆಲಿಕೊ ಚಾವೆಜ್ ಅವರು 1981ರಲ್ಲಿ ಮಾರ್ತಿನೆಜ್ ಅವರ ಗುಣದೋಷಗಳೆರಡನ್ನೂ ತೂಗಿ ನೋಡುವ ಜೀವನಚರಿತ್ರೆಯನ್ನು ಪ್ರಕಟಿಸಿದರು. 2006ರಲ್ಲಿ ಟಾವೋಸಿನ ಜನ ಊರಿನ ಚೌಕದಲ್ಲಿ ಅವರ ಪ್ರತಿಮೆಯನ್ನು ನಿಲ್ಲಿಸಿದರು. ಕಾದಂಬರಿ ಪ್ರಕಟವಾಗಿ ಆಗಲೇ ಸುಮಾರು 80 ವರ್ಷ ಸಂದಿದ್ದವು. ಒಂದು ಪುಸ್ತಕ ಹಚ್ಚಿದ ಮಸಿಯನ್ನು ಒರೆಸಲು ಒಂದು ಊರಿಗೆ ಅಷ್ಟು ಕಾಲ ಬೇಕಾಯಿತು.

ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಆಜ್ಞೆಯನ್ನು ನಾವೆಲ್ಲ ಬಾಲ್ಯದಲ್ಲಿ ಬಾಯಿಪಾಠ ಮಾಡಿದ್ದೇವೆ. ನ್ಯಾಯಾಲಯದ ಕಟಕಟೆಯಲ್ಲಿ ನಿಂತವನಿಗೆ ಮಾತ್ರ ಅದು ಅನ್ವಯಿಸುತ್ತದೆಂದು ನಾನು ಬಹುಕಾಲ ತಿಳಿದಿದ್ದೆ. ಹಾಗಲ್ಲವೆಂದು ತಿಳಿಸಿದ ಒಂದು ಪ್ರಸಂಗವನ್ನು ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ನಾನು ಯುವಕನಾಗಿದ್ದಾಗ ಹಬ್ಬದ ರಾತ್ರಿ ಆಡಲೆಂದು ಒಂದು ಹಾಸ್ಯನಾಟಕ ಬರೆದೆ. ಅದರಲ್ಲಿ ದೇವಾಲಯದ ಗಂಟೆ ಬಾರಿಸುವ ಒಬ್ಬ ಜಿಪುಣ ಮುದುಕನ ಪಾತ್ರವಿತ್ತು. ಪೂಜೆ ಮುಗಿದ ಮೇಲೆ ಆತ ಉರಿದು ಉಳಿದ ಮೇಣದಬತ್ತಿಯ ತುಂಡುಗಳನ್ನು ಜೇಬಿಗಿಳಿಸಿ ಮನೆಗೆ ಒಯ್ಯುತ್ತಿದ್ದ. ಹೆಸರು ಬೇರೆ ಇಟ್ಟಿದ್ದೆ. ಆದರೆ ಆ ಕುಂಟುನಡಿಗೆಯನ್ನೂ ಕೆಮ್ಮನ್ನೂ ಕಂಡ ಕೂಡಲೇ ಅದು ಯಾರೆಂದು ಊರಿಗೆಲ್ಲ ತಿಳಿಯಿತು. ಜನ ಬಿದ್ದು ಬಿದ್ದು ನಕ್ಕರು. ಅವರೂ ಮುಂದಿನ ಸಾಲಿನಲ್ಲೇ ಕುಳಿತಿದ್ದರು. ನಾಟಕ ಮುಗಿಯುವ ಮೊದಲೇ ಎದ್ದು ಹೋದರು. ಮರುದಿನ ಬೆಳಗಿನ ಗಂಟೆಯನ್ನು ಎಂದಿನಂತೆ ಸರಿಯಾದ ಹೊತ್ತಿಗೇ ಬಾರಿಸಿದರು. ನನ್ನೊಡನೆ ಒಂದು ಮಾತನ್ನೂ ಆಡಲಿಲ್ಲ.

ಅವರು ತೀರಿಕೊಂಡ ವರ್ಷ, ನವೆಂಬರ್ 2ರಂದು ಮೃತರ ಸ್ಮರಣೆಗಾಗಿ ನಾವೆಲ್ಲ ಸಮಾಧಿಭೂಮಿಗೆ ಹೋದೆವು. ಮೂಲೆಯಲ್ಲಿದ್ದ ಹತ್ತಾರು ಗೋರಿಗಳು ಕತ್ತಲಲ್ಲಿದ್ದವು. ಹಿಂದಿನ ಯಾವ ವರ್ಷವೂ ಅಲ್ಲಿ ಕತ್ತಲಿದ್ದುದನ್ನು ನಾನು ಕಂಡಿರಲಿಲ್ಲ. ಅವರ ಮಗಳನ್ನು ಕೇಳಿದಾಗ ತಿಳಿಯಿತು. ವರ್ಷವಿಡೀ ಕೂಡಿಟ್ಟ ತುಂಡುಗಳನ್ನು ಅವರು ಮನೆಯಲ್ಲಿ ಕರಗಿಸಿ, ಹೊಸ ಬತ್ತಿ ಎಳೆದು, ಯಾರೂ ದಿಕ್ಕಿಲ್ಲದವರ ಗೋರಿಗಳ ಮೇಲೆ ಹಚ್ಚುತ್ತಿದ್ದರಂತೆ. ಆಗಿನ ಗುರುಗಳ ಅನುಮತಿಯೂ ಇತ್ತಂತೆ. ನಾನು ಅವರ ಜೇಬನ್ನು ನೋಡಿದ್ದೆ, ಅವರ ಹಿಂದೆ ನಾಲ್ಕು ಹೆಜ್ಜೆ ನಡೆದು ನೋಡಿರಲಿಲ್ಲ. ಪಾಪನಿವೇದನೆಯಲ್ಲಿ ನನಗೆ ಕ್ಷಮೆ ದೊರೆಯಿತು. ಆದರೆ ಆ ಹಬ್ಬದ ರಾತ್ರಿ ನಕ್ಕವರನ್ನೆಲ್ಲ ಹುಡುಕಿ ನಿಜವನ್ನು ತಿಳಿಸಲು ನನ್ನಿಂದಾಗಲಿಲ್ಲ. ಇಂದು ಈ ವೇದಿಕೆಯಿಂದ ತಿಳಿಸುತ್ತಿದ್ದೇನೆ.

ಸಾಲವನ್ನು ಹೇಗೆ ತೀರಿಸಬೇಕೆಂಬುದಕ್ಕೂ ಒಂದು ಉದಾಹರಣೆಯಿದೆ. ಅದನ್ನು ಹೇಳಿ ಮುಗಿಸುತ್ತೇನೆ. ಇಂಗ್ಲೆಂಡಿನ ಜಿ. ಕೆ. ಚೆಸ್ಟರ್ಟನ್ ಅವರ ಪತ್ತೇದಾರಿ ಕತೆಗಳನ್ನು ನಿಮ್ಮಲ್ಲಿ ಹಲವರು ಓದಿರಬಹುದು. ಕಳ್ಳರನ್ನೂ ಕೊಲೆಗಾರರನ್ನೂ ಕಂಡುಹಿಡಿಯುವ ಅಲ್ಲಿನ ನಾಯಕರು ಫಾದರ್ ಬ್ರೌನ್ ಎಂಬ ಕುಳ್ಳಗಿನ, ದುಂಡುಮುಖದ ಕಥೋಲಿಕ ಗುರುಗಳು. ಈ ಪಾತ್ರದ ಮೂಲ ಜಾನ್ ಓಕಾನರ್ ಎಂಬ ಗುರುಗಳು. ಅವರು 1870ರಲ್ಲಿ ಐರ್ಲೆಂಡಿನ ಕ್ಲಾನ್ಮೆಲ್‌ನಲ್ಲಿ ಹುಟ್ಟಿ, ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸಿದರು.

ಚೆಸ್ಟರ್ಟನ್ ಆ ಕಡೆಗೆ ಉಪನ್ಯಾಸಕ್ಕೆಂದು ಬಂದಾಗ, 1904ರ ಸುಮಾರಿಗೆ, ಇಬ್ಬರಿಗೂ ಕೀತ್ಲಿ ಎಂಬ ಊರಿನಲ್ಲಿ ಪರಿಚಯವಾಯಿತು. ಮರಗಳಿಲ್ಲದ ಬಯಲುಗುಡ್ಡಗಳ ಮೇಲೆ ಇಬ್ಬರೂ ಇಲ್ಕ್ಲಿಯ ಕಡೆಗೆ ನಡೆದರು. ದಾರಿಯಲ್ಲಿ ಚೆಸ್ಟರ್ಟನ್ ಅಪರಾಧ, ದುರ್ವ್ಯಸನಗಳಿಗೆ ಸಂಬಂಧಿಸಿದ ಒಂದು ಸಾಮಾಜಿಕ ವಿಷಯದಲ್ಲಿ ತಾವು ಬರೆಯಬೇಕೆಂದಿದ್ದ ಅಭಿಪ್ರಾಯವನ್ನು ಹೇಳಿದರು. ಗುರುಗಳು ಮೃದುವಾಗಿ, ಅವರು ತಪ್ಪು ತಿಳಿದಿದ್ದಾರೆಂದು ಹೇಳಿ, ಲೋಕದ ಕೇಡಿನ ಕೆಲವು ಆಳಗಳನ್ನು ತೋರಿಸಿಕೊಟ್ಟರು. ಪತ್ರಿಕೋದ್ಯಮದಲ್ಲಿ ಪಳಗಿದ್ದ ಚೆಸ್ಟರ್ಟನ್ ಬೆಚ್ಚಿಬಿದ್ದರು. ಬ್ರಹ್ಮಚರ್ಯದಲ್ಲಿ ಬಾಳುವ, ಶಾಂತಮುಖದ ಈ ಗುರು ತಾನು ಕಲ್ಪಿಸಲೂ ಆಗದ ಪಾತಾಳಗಳನ್ನು ಬಲ್ಲರೆಂಬುದು ಅವರಿಗೆ ಹೊಳೆದಿರಲಿಲ್ಲ.

ನಡಿಗೆ ಮುಗಿದು ಒಂದು ಮನೆಯನ್ನು ಸೇರಿದಾಗ ಅಲ್ಲಿ ಕೇಂಬ್ರಿಜ್ಜಿನ ಇಬ್ಬರು ವಿದ್ಯಾರ್ಥಿಗಳಿದ್ದರು. ಗುರುಗಳು ಅವರೊಡನೆ ಸಂಗೀತ, ವಾಸ್ತುಶಿಲ್ಪಗಳ ಬಗ್ಗೆ ಸೊಗಸಾಗಿ ಮಾತನಾಡಿ ಹೊರಗೆ ಹೋದರು. ಆಗ ಆ ಯುವಕರಲ್ಲೊಬ್ಬನು, ಗುರುಗಳು ವಿದ್ವಾಂಸರೇನೋ ನಿಜ, ಆದರೆ ಮಠದ ಗೋಡೆಯೊಳಗೆ ಬಾಳುವ ಇಂಥವರಿಗೆ ಲೋಕದ ನಿಜವಾದ ಕೇಡು ಏನು ಗೊತ್ತು ಎಂಬ ಅರ್ಥದ ಮಾತಾಡಿದ. ಚೆಸ್ಟರ್ಟನ್ನರಿಗೆ ನಗು ತಡೆಯಲಾಗಲಿಲ್ಲ. ಗುರುಗಳ ಮುಂದೆ ಆ ಇಬ್ಬರು ಯುವಕರೇ ತೊಟ್ಟಿಲ ಕೂಸುಗಳಂತೆ ಅವರಿಗೆ ಕಂಡರು. ಏನೂ ಅರಿಯದವನಂತೆ ಕಾಣುವ, ಆದರೆ ಪಾಪಿಗಳಿಗಿಂತಲೂ ಹೆಚ್ಚಾಗಿ ಪಾಪವನ್ನು ಬಲ್ಲ ಗುರುವೊಬ್ಬನನ್ನು ಕತೆಯ ನಾಯಕನನ್ನಾಗಿ ಮಾಡಿದರೆ ಹೇಗೆ ಎಂಬ ಯೋಚನೆ ಅಲ್ಲೇ ಮೊಳೆಯಿತು.

ಮೊದಲ ಕತೆ ‘ದಿ ಬ್ಲೂ ಕ್ರಾಸ್’ 1910ರಲ್ಲಿ ಹೊರಬಂತು. ಲಂಡನ್ನಿನ ಪರಮಪ್ರಸಾದ ಸಮ್ಮೇಳನಕ್ಕೆ ಅಮೂಲ್ಯವಾದ ಶಿಲುಬೆಯೊಂದನ್ನು ಒಯ್ಯುತ್ತಿರುವ ಪುಟ್ಟ ಗುರುಗಳನ್ನು, ಗುರುವಿನ ವೇಷ ತೊಟ್ಟ ಮಹಾಕಳ್ಳ ಫ್ಲಾಂಬೋ ಹಿಂಬಾಲಿಸುತ್ತಾನೆ. ಮೋಸಹೋಗುವವರು ಗುರುಗಳಲ್ಲ, ಕಳ್ಳನೇ. ತನ್ನ ತಂತ್ರಗಳೆಲ್ಲ ಇವರಿಗೆ ಹೇಗೆ ತಿಳಿದವೆಂದು ಅವನು ಬೆರಗಾದಾಗ, ಜನರ ಪಾಪಗಳನ್ನು ಕೇಳುವುದೇ ಕೆಲಸವಾದವನಿಗೆ ಕೇಡಿನ ಪರಿಚಯ ಇಲ್ಲದಿದ್ದೀತೇ ಎಂಬುದು ಅವರ ಉತ್ತರದ ಸಾರ. ಮುಂದೆ ಆ ಕಳ್ಳನು ಪಶ್ಚಾತ್ತಾಪಪಟ್ಟು ಅವರ ಸ್ನೇಹಿತನೇ ಆಗುತ್ತಾನೆ. ಇಂಥ ಸುಮಾರು ಐವತ್ತು ಕತೆಗಳು 1911ರಿಂದ 1935ರವರೆಗೆ ಐದು ಸಂಪುಟಗಳಲ್ಲಿ ಬಂದವು.

ಇಲ್ಲಿ ಚೆಸ್ಟರ್ಟನ್ ತೆಗೆದುಕೊಂಡದ್ದೇನು, ಬಿಟ್ಟದ್ದೇನು ಎಂಬುದನ್ನು ಗಮನಿಸಬೇಕು. ಹೊರರೂಪದಲ್ಲಿ ಓಕಾನರ್ ಫಾದರ್ ಬ್ರೌನ್ ಅಲ್ಲವೇ ಅಲ್ಲ. ಪಾತ್ರವು ಅಸ್ತವ್ಯಸ್ತ, ಎಡವಟ್ಟು, ಪೆದ್ದುಮುಖ. ಗುರುಗಳಾದರೋ ಅಚ್ಚುಕಟ್ಟು, ಚುರುಕು, ಹಾಸ್ಯಪ್ರಿಯರು. ತಾವು ಬೇಕೆಂದೇ ಈ ಮಾರುವೇಷವನ್ನು ತೊಡಿಸಿದುದಾಗಿ ಚೆಸ್ಟರ್ಟನ್ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಅವರು ತೆಗೆದುಕೊಂಡದ್ದು ಒಳಗಿನ ಬೆಳಕನ್ನು: ಪಾಪವನ್ನು ಬಲ್ಲ, ಪಾಪಿಯನ್ನು ಹೇಸದ ಆ ಗುರುಹೃದಯವನ್ನು. ನನ್ನ ನಾಟಕದಲ್ಲಿ ನಾನು ಮಾಡಿದ್ದು ಇದಕ್ಕೆ ನೇರ ವಿರುದ್ಧ. ಹೊರಗಿನ ಕುಂಟುನಡಿಗೆಯನ್ನು ತೆಗೆದುಕೊಂಡೆ, ಒಳಗಿನ ದೀಪವನ್ನು ಬಿಟ್ಟೆ.

ಸಾಲ ತೀರಿದ ಬಗೆಯನ್ನೂ ಕೇಳಿ. ಪಾತ್ರವನ್ನು ಸೃಷ್ಟಿಸಿದಾಗ ಚೆಸ್ಟರ್ಟನ್ ಕಥೋಲಿಕರಾಗಿರಲಿಲ್ಲ. ಕೇಡನ್ನು ಇಷ್ಟು ಆಳವಾಗಿ ಬಲ್ಲ ಧರ್ಮಸಭೆ ಒಳಿತನ್ನೂ ಅಷ್ಟೇ ಆಳವಾಗಿ ಬಲ್ಲದೆಂಬ ಆ ಗುಡ್ಡದ ನಡಿಗೆಯ ಅನುಭವ ವರ್ಷಗಟ್ಟಲೆ ಅವರೊಳಗೆ ಕೆಲಸ ಮಾಡಿತು. ಕೊನೆಗೆ 1922ರ ಜುಲೈ 30ರಂದು ಅವರು ಧರ್ಮಸಭೆಯನ್ನು ಸೇರಿದರು. ಆಗ ಬೀಕನ್ಸ್‌ಫೀಲ್ಡ್‌ನಲ್ಲಿ ಕಥೋಲಿಕ ದೇವಾಲಯವಿರಲಿಲ್ಲ. ರೈಲ್ವೆ ಹೋಟೆಲಿನ ತಗಡುಮಾಡಿನ ಕೊಠಡಿಯೊಂದು ಪ್ರಾರ್ಥನಾಲಯವಾಗಿತ್ತು. ಅಲ್ಲಿ ಅವರನ್ನು ಬರಮಾಡಿಕೊಂಡವರು ಓಕಾನರ್ ಗುರುಗಳೇ. ಕಲ್ಪಿತ ಗುರು ಕತೆಯೊಳಗೆ ಕಳ್ಳನನ್ನು ತಿದ್ದಿದರೆ, ನಿಜವಾದ ಗುರು ಕತೆಗಾರನಿಗೇ ಬಾಗಿಲು ತೆರೆದರು. 1927ರ ಸಂಪುಟವನ್ನು ಚೆಸ್ಟರ್ಟನ್ ಕೃತಜ್ಞತೆಯಿಂದ ಅವರಿಗೇ ಅರ್ಪಿಸಿದರು. 1936ರಲ್ಲಿ ಚೆಸ್ಟರ್ಟನ್ ತೀರಿಕೊಂಡಾಗ ವೆಸ್ಟ್‌ಮಿನ್‌ಸ್ಟರ್ ಪ್ರಧಾನಾಲಯದಲ್ಲಿ ಅವರ ಆತ್ಮಶಾಂತಿಗಾಗಿ ಬಲಿಪೂಜೆಯನ್ನು ಅರ್ಪಿಸಿದವರು ಓಕಾನರ್. ಮರುವರ್ಷ ಅವರು ಗೆಳೆಯನ ನೆನಪಿನ ಪುಸ್ತಕ ಬರೆದಾಗ ಶೀರ್ಷಿಕೆಯಲ್ಲಿ ತಮ್ಮನ್ನು ‘ಫಾದರ್ ಬ್ರೌನ್’ ಎಂದೇ ಕರೆದುಕೊಂಡರು. ಪಾತ್ರವನ್ನು ಮೂಲಪುರುಷನೇ ನಗುತ್ತಾ ಒಪ್ಪಿಕೊಂಡ ಮೇಲೆ ಸಾಲದ ಪತ್ರ ಹರಿದಂತೆಯೇ ಸರಿ. ಅಷ್ಟಾಗಿಯೂ ಅವರು ತಮ್ಮ ಸಾಮಾನ್ಯ ಕೆಲಸವನ್ನು ಬಿಡಲಿಲ್ಲ. ಬ್ರಾಡ್‌ಫರ್ಡ್ ನಗರದ ಸಂತ ಕತ್ಬರ್ಟರ ಧರ್ಮಕೇಂದ್ರದಲ್ಲಿ 1919ರಿಂದ 1952ರಲ್ಲಿ ಕಣ್ಣುಮುಚ್ಚುವವರೆಗೂ ಧರ್ಮಕೇಂದ್ರದ ಗುರುಗಳಾಗಿಯೇ ಉಳಿದರು. ಅವರ ಮುಂದೆ ಮಂಡಿಯೂರಿ ಪಾಪನಿವೇದನೆ ಮಾಡಿದ ಸಾವಿರಾರು ಬಡವರಿಗೆ ಅವರು ಯಾವ ಕತೆಯ ನಾಯಕರೂ ಆಗಿರಲಿಲ್ಲ. ಅವರು ಅವರ ಸ್ವಾಮಿಗಳು, ಅಷ್ಟೇ.

ಬಂಧುಗಳೇ, ಈ ಶತಮಾನೋತ್ಸವದಲ್ಲಿ ನಾವೆಲ್ಲರೂ ಸ್ವಲ್ಪಮಟ್ಟಿಗೆ ಕತೆಗಾರರೇ ಆಗಿದ್ದೇವೆ. ಹಿಂದಿನ ಗುರುಗಳನ್ನು, ಉಪದೇಶಿಗಳನ್ನು, ಕಲ್ಲು ಹೊತ್ತವರನ್ನು, ಹಾಡಿನ ತಂಡದವರನ್ನು ನೆನೆದು ಮಾತನಾಡುತ್ತಿದ್ದೇವೆ, ಬರೆಯುತ್ತಿದ್ದೇವೆ. ಒಬ್ಬರನ್ನು ಸುಣ್ಣದ ಪ್ರತಿಮೆಯಷ್ಟು ಬಿಳಿಯಾಗಿಸಬಹುದು. ಇನ್ನೊಬ್ಬರನ್ನು ಒಂದು ಹಳೆಯ ಜಗಳದ ನೆಪದಲ್ಲಿ ಮಸಿಯಲ್ಲಿ ಅದ್ದಬಹುದು. ಎರಡೂ ಸುಲಭ, ಎರಡೂ ಸುಳ್ಳುಸಾಕ್ಷಿ. ನಮ್ಮ ನಡುವೆ ಹ್ಯೂಗೋ ಇಲ್ಲ, ಕ್ಯಾಥರ್ ಇಲ್ಲ. ಆದರೆ ಮಾಶ್‌ಬಫ್ ಅವರ ಪತ್ರಗಳನ್ನು ಕಾಪಾಡಿಟ್ಟ ತಂಗಿಯಂಥವರು ಪ್ರತಿ ಮನೆಯಲ್ಲೂ ಇದ್ದಾರೆ. ನಿಮ್ಮ ಮನೆಯ ಹಳೆಯ ಪೆಟ್ಟಿಗೆಗಳನ್ನು ತೆರೆಯಿರಿ. ಅಜ್ಜ ಅಜ್ಜಿಯರ ಬಳಿ ಕುಳಿತು, ಅವರು ಕಂಡದ್ದನ್ನು ಕಂಡಂತೆ ಬರೆದಿಡಿರಿ. ಬರೆಯುವ ಮೊದಲು ಆ ಮನುಷ್ಯನ ಹಿಂದೆ ನಾಲ್ಕು ಹೆಜ್ಜೆ ನಡೆದು ನೋಡಿರಿ.

ಹಿಂದಿನ ಬೆಂಚಿನ ಆ ಹುಡುಗ ಇಂದು ಎಲ್ಲಿದ್ದಾನೋ ತಿಳಿಯದು. ಅವನು ಮತ್ತೆ ಎದುರಾದರೆ ಹೀಗೆ ಹೇಳುತ್ತೇನೆ: “ಹೌದಪ್ಪಾ, ಅವರು ಇದ್ದರು. ಪುಸ್ತಕದಲ್ಲಿ ಹೇಳಿದ್ದೆಲ್ಲವೂ ಹಾಗೆಯೇ ನಡೆಯಲಿಲ್ಲ. ಆದರೆ ಬಾಗಿಲು ತೆರೆದಿದ್ದ ಒಂದು ಮನೆ ಇತ್ತು. ನಮ್ಮ ಊರಿನಲ್ಲೂ ಅಂಥವರೊಬ್ಬರಿದ್ದರು. ನಾನು ಮಾತ್ರ ಅವರನ್ನು ಸರಿಯಾಗಿ ನೋಡಲಿಲ್ಲ.”

 ಈ ದೇವಾಲಯದ ನೆರಳಿನಲ್ಲಿ ಬಾಳಿ ಹೋದ, ಹೆಸರು ಉಳಿದ ಮತ್ತು ಹೆಸರು ಉಳಿಯದ ಎಲ್ಲರಿಗೂ ಪ್ರಭು ನಿತ್ಯಶಾಂತಿಯನ್ನು ದಯಪಾಲಿಸಲಿ.